ಕೈಗವಸು ಕಳಚಿ

ಕುದುರೆಯ ಬಣ್ಣಕ್ಕೆ ನನ್ನಲ್ಲಿ ನೂರು ಹೆಸರಿವೆ.
ಹಾಲಿಗೆ ಬೂದಿ ಕಲಸಿದಂಥದ್ದಕ್ಕೆ ಒಂದು,
ಬೆನ್ನುದ್ದಕ್ಕೂ ಕಪ್ಪುಗೆರೆ ಎಳೆದದ್ದಕ್ಕೆ ಒಂದು,
ಚಳಿಗಾಲಕ್ಕೊಂದು ಬೇಸಿಗೆಗೊಂದು ಬಣ್ಣ ಬದಲಿಸುವ
ಠಕ್ಕ ಹೆಣ್ಣುಗುದುರೆಗೂ ಒಂದು.
ಅಪ್ಪ ಕೊಟ್ಟದ್ದು. ಅವನಿಗೆ ಅವನಪ್ಪ.
ಮಗಳಿಗೆ ನಾಲ್ಕು ತುಂಬುವವರೆಗೆ
ಅದರಲ್ಲಿ ಒಂದನ್ನೂ ನಾನು ದಾಟಿಸಿರಲಿಲ್ಲ.

ಉಯಾಂಗ ಎಂದು ಕರೆದಿದ್ದೆವು. ನಮ್ಮ ಮಂಗೋಲರ ಮಾತಿನಲ್ಲಿ
ರಾಗ ಎಂದರ್ಥ. ನಗಬೇಡಿ,
ಹುಟ್ಟಿದ ವಾರ ಯಾರಿಗೆ ಗೊತ್ತಿರುತ್ತದೆ?
ಹೆಸರು ನಮ್ಮ ಬಾಯಲ್ಲಿತ್ತು, ಅವಳ ಹತ್ತಿರ ಇರಲಿಲ್ಲ.
ಬೇಕಾದ್ದಕ್ಕೆ ಬೆರಳು ತೋರುತ್ತ
ಒಲೆಯ ಸುತ್ತ ಓಡಾಡುತ್ತಿತ್ತು ಮಗು;
ಎದುರಿಗಿಲ್ಲದ್ದು ಬೇಕಾದಾಗ
ಕಂಬಳಿ ಹಾಸಿಗೆ ಹಣೆ ಚಚ್ಚಿಕೊಳ್ಳುತ್ತಿತ್ತು.

ಕಾಯಿರಿ ಅಂದರು ಎಲ್ಲರೂ.
ಏಳು ತುಂಬಲಿ, ಪಟ್ಟಣದ ಶಾಲೆಗೆ ಹಾಕಿದರಾಯಿತು, ಅಂದಳು ಅವ್ವ.
ಕಿವಿಗೊಂದು ಯಂತ್ರ ಬರುತ್ತದಂತೆ, ಅಂದರು ಡಾಕ್ಟರು.
ಮೊದಲ ತಾಸಿನಲ್ಲಿ ಮೊಲೆ ಸಿಗದ ಮರಿ
ಮೂರನೆಯ ದಿನ ಬಿಂದಿಗೆ ಹಾಲಿಟ್ಟರೂ ಏಳುವುದಿಲ್ಲ.
ಇದು ನನಗೆ ಗೊತ್ತಿತ್ತು.
ಕುರಿಯ ವಿಷಯದಲ್ಲಿ ಗೊತ್ತಿತ್ತು.

ಮನೆಗೆ ಬರುವವರು ದೂರದಿಂದಲೇ
ನಾಯಿ ಹಿಡಿಯಿರಿ ಎಂದು ಕೂಗುವುದು ನಮ್ಮ ಕಡೆಯ ರೀತಿ.
ಹಂದ್‌ಸುರೆನ್ ಕೂಗಲಿಲ್ಲ.
ನೂರು ಮಾರಿನಾಚೆ ಮೋಟಾರ್‌ಸೈಕಲ್ ನಿಲ್ಲಿಸಿ
ಕೆಂಪು ರುಮಾಲು ಬೀಸುತ್ತ ನಿಂತಳು,
ನಾಯಿಯ ಬೊಗಳು ತನಗಲ್ಲವೆಂಬಂತೆ.
ಚಹಾ ಕುಡಿದಳು. ಸ್ಲೇಟು ತೆಗೆದು ಬರೆದಳು:
ನಾನು ಟೀಚರು. ನನಗೂ ಕೇಳಿಸುವುದಿಲ್ಲ.
ನಮ್ಮ ಕಾಲದಲ್ಲಿ ಕೈ ಆಡಿಸಿದರೆ ಅಳತೆಕೋಲಿನ ಏಟು.
ಅಳಿಸಿ, ಮತ್ತೆ ಬರೆದಳು:
ಮೊದಲು ನೀನು ಕಲಿ.

ಮಗುವನ್ನು ಬಿಟ್ಟು ನನ್ನ ಕೈ ಹಿಡಿದಳು.
ಹಾಲು ಹೀಗೆ. ನೀರು ಹೀಗೆ. ಇನ್ನೂ ಬೇಕು, ಸಾಕು, ನಾಳೆ.
ನಾಳೆಗೆ ನನ್ನ ಕೈ ಮೂರು ದಿನ ತಡವರಿಸಿತು.
ಹೆಂಡತಿಗೆ ಒಂದೇ ಸಂಜೆಗೆ ಬಂತು,
ಹಿಟ್ಟು ಮೆತ್ತಿದ ಕೈಯಲ್ಲೇ ಬಂತು.
ನನ್ನದು ಕುದುರೆಯ ಹಗ್ಗಕ್ಕೆ ಅರ್ಧ ಉಂಗುರಬೆರಳು ತೆತ್ತ ಕೈ,
ಪ್ರತಿ ಮಾತೂ ಕುಂಟುತ್ತಿತ್ತು.

ಎರಡು ತಿಂಗಳಿಗೆ ಟೀಚರು ತಿರುಗಿ ಬಂದಾಗ
ಉಯಾಂಗ ಕೂತು ಹರಟುತ್ತಿದ್ದಳು, ಬೊಂಬೆಯೊಡನೆ,
ಬೆಕ್ಕಿನೊಡನೆ, ತನ್ನೊಡನೆ ತಾನೇ,
ಹತ್ತೂ ಬೆರಳು ನೆಟ್ಟಗಿರುವ ಕೈಯಲ್ಲಿ
ಒಂದು ಬೆರಳನ್ನು ಅರ್ಧಕ್ಕೆ ಮಡಿಸಿಕೊಂಡು.
ಹಂದ್‌ಸುರೆನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.
ತಿದ್ದಲಿಲ್ಲ.

ಈಗ ಚಳಿ ಮೈನಸ್ ಮೂವತ್ತು.
ಕೈಗವಸು ತೊಟ್ಟರೆ ಮೂಗರು, ಕಳಚಿದರೆ ಮಾತು.
ಒಂದೊಂದು ಮಾತಿಗೂ ಇಷ್ಟಿಷ್ಟು ಚರ್ಮ ತೆರಬೇಕು,
ಹಾಗಾಗಿ ನಮ್ಮ ಮನೆಯಲ್ಲಿ
ಹೊರಗೆ ಯಾರೂ ಹಾಳುಹರಟೆ ಹೊಡೆಯುವುದಿಲ್ಲ.

ನಿನ್ನೆ ಸಂಜೆ, ದೊಡ್ಡಿಯ ಬಳಿ,
ಹಲ್ಲಿನಿಂದ ಕೈಗವಸು ಕಚ್ಚಿ ಎಳೆದಳು.
ಹಾಲು, ಅಂದಳು. ಬೂದಿ, ಅಂದಳು.
ಎರಡನ್ನೂ ಕೂಡಿಸಿ, ಮರಿ. ಎಲ್ಲಿ?

ಯಾರೂ ಹೇಳಿಕೊಟ್ಟಿರಲಿಲ್ಲ ಆ ಬಣ್ಣವನ್ನು.
ಎದುರಿಗಿಲ್ಲದ್ದನ್ನು ಕೇಳುತ್ತಿದ್ದಾಳೆ ನನ್ನ ಮಗಳು,
ಮೊದಲ ಸಲ, ಹಣೆ ಚಚ್ಚಿಕೊಳ್ಳದೆ.

ಮಾರಿಬಿಟ್ಟೆ ಅನ್ನಬಹುದಿತ್ತು.
ಮಾತು ಬಂದಲ್ಲಿಗೆ ಸುಳ್ಳೂ ಬರುತ್ತದೆ,
ನಾಲ್ಕು ವರ್ಷ ಅವಳೊಡನೆ ಅಷ್ಟೂ ಸಾಧ್ಯವಿರಲಿಲ್ಲ.
ಕೈಗವಸು ತೆಗೆದೆ.
ತೋಳ, ಅಂದೆ. ಬೆರಳು ಮರಗಟ್ಟಿ
ತೋಳಕ್ಕೆ ಹಲ್ಲು ಸರಿಯಾಗಿ ಮೂಡಲಿಲ್ಲ. ಮತ್ತೆ ಅಂದೆ.

ನೋಡುತ್ತ ನಿಂತಳು.
ಅವಳ ಎರಡೂ ಕೈ ಎಳೆದು
ನನ್ನ ಅಂಗಿಯೊಳಗೆ, ಕಂಕುಳಲ್ಲಿ ಇಟ್ಟುಕೊಂಡೆ.
ಬಿಸಿಯಾಗುವ ತನಕ ಇಬ್ಬರಿಗೂ ಮಾತಿಲ್ಲ.
ಹಿಂದೆ ಎಲ್ಲೋ ಕುದುರೆಗಳು ಹಿಮ ಕೆದರುತ್ತಿದ್ದವು.

ಆಮೇಲೆ ಕೈ ಬಿಡಿಸಿಕೊಂಡಳು.
ಇನ್ನೊಂದು ಕೇಳುವುದಿತ್ತು.